ಪಕಾಸಿಗೆ ಪಟ್ಟಿ ಬಿಗಿಸಿದ್ದು: ಮಲೆನಾಡಿನ ಒಂದು ಮನೆ, ಕಡಲಂಚಿನ ಒಂದು ಮನೆ

ತೀರ್ಥಹಳ್ಳಿ ಸೀಮೆಯ ನಮ್ಮ ಹೆಂಚಿನ ಮನೆಗೂ, ಕುಂದಾಪುರದ ಕಡೆ ಕಡಲಿಗೆ ಹತ್ತಿರವಿರುವ ನಮ್ಮ ಭಾವನವರ ಮನೆಗೂ ಗಾಳಿಗೆ ಮಾಡು, ಅಂದರೆ ಛಾವಣಿ, ಏಳದಂತೆ ಬಿಗಿಯುವ ಕೆಲಸವನ್ನು ಶಿವಮೊಗ್ಗದ ಒಂದೇ ತಂಡದಿಂದ ಮಾಡಿಸಿದೆವು. ನಮ್ಮಲ್ಲಿ ಎರಡು ಮಳೆಗಾಲ, ಅಲ್ಲಿ ಒಂದು ಮಳೆಗಾಲ ಕಳೆದಿರುವುದರಿಂದ ಈಗ ಬರೆಯುತ್ತಿದ್ದೇನೆ. ತಂಡದ ಹೆಸರು ಹೇಳುವುದಿಲ್ಲ. ಇಂಥ ಕೆಲಸವನ್ನು ಯಾರಿಂದ ಮಾಡಿಸಿದರೂ ಏನನ್ನು ಕಣ್ಣಾರೆ ನೋಡಿಕೊಳ್ಳಬೇಕು ಎಂಬುದು ಓದುವವರಿಗೆ ಹೆಚ್ಚು ಉಪಯೋಗಕ್ಕೆ ಬರುತ್ತದೆ.

2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ನಮ್ಮ ಕರಾವಳಿಯ ಪಕ್ಕದಲ್ಲೇ ಹಾದು ಗುಜರಾತಿನಲ್ಲಿ ನೆಲ ಮುಟ್ಟಿತು. ಆಗ ಭಾವನವರ ನೆರೆಮನೆಯ ತಗಡಿನ ಮಾಡು ಕಬ್ಬಿಣದ ಚೌಕಟ್ಟಿನ ಸಮೇತ ತೆಂಗಿನ ತೋಟಕ್ಕೆ ಬಿದ್ದಿತ್ತು. ತಗಡು ಹರಿದಿರಲಿಲ್ಲ, ಪೈಪು ಬಾಗಿರಲಿಲ್ಲ, ಗೋಡೆಗೂ ಚೌಕಟ್ಟಿಗೂ ಇದ್ದ ನಾಲ್ಕು ಬೋಲ್ಟುಗಳಷ್ಟೇ ಕಿತ್ತುಬಂದಿದ್ದವು. ಮೇಸ್ತ್ರಿ ನಮ್ಮ ಮನೆ ನೋಡಲು ಬಂದ ಮೊದಲ ದಿನವೇ, "ನೋಡಿ ಗೌಡ್ರೇ, ಗಾಳಿ ಮಾಡನ್ನ ಒತ್ತೋದಲ್ಲ, ಎತ್ತೋದು" ಎಂದಾಗ ನನಗೆ ಆ ಚೌಕಟ್ಟೇ ಕಣ್ಣ ಮುಂದೆ ಬಂತು. ಗಾಳಿಯ ವೇಗ ಇಮ್ಮಡಿಯಾದರೆ ಅದರ ಒತ್ತಡ ನಾಲ್ಕು ಪಟ್ಟಾಗುತ್ತದೆ. ಕಟ್ಟಡಗಳ ಮೇಲಿನ ಗಾಳಿಯ ಹೊರೆಯ ಭಾರತೀಯ ಮಾನಕದಲ್ಲಿ ಮಂಗಳೂರಿಗೆ ಲೆಕ್ಕದ ಆಧಾರವಾಗಿ ಹಿಡಿದಿರುವ ಗಾಳಿಯ ಮೂಲ ವೇಗ ಸೆಕೆಂಡಿಗೆ 39 ಮೀಟರ್, ಅಂದರೆ ಗಂಟೆಗೆ ಸುಮಾರು 140 ಕಿಲೋಮೀಟರ್. ಆ ವೇಗಕ್ಕೆ ಚದರ ಮೀಟರಿಗೆ ಸುಮಾರು 93 ಕಿಲೋ ತೂಕದಷ್ಟು ಒತ್ತಡ ಹುಟ್ಟುತ್ತದೆ, ಗೋಡೆಯಾಚೆ ಚಾಚಿದ ಸೂರಿನ ಅಂಚಿನಲ್ಲೂ ಮೂಲೆಗಳಲ್ಲೂ ಎಳೆತ ಇನ್ನೂ ಜೋರು. ಮಂಗಳೂರು ಹೆಂಚಿಗೆ ಚದರ ಮೀಟರಿಗೆ ಮೂವತ್ತೈದು ನಲವತ್ತು ಕಿಲೋ ಭಾರವಾದರೂ ಇದೆ, ತಗಡಿಗೆ ಐದು ಕಿಲೋ ಇದ್ದರೆ ಹೆಚ್ಚು. ಹೆಂಚು ತೆಗೆದು ತಗಡು ಹೊದಿಸುತ್ತಿರುವ ನಮ್ಮ ಕಡೆಯವರು ಈ ವ್ಯತ್ಯಾಸವನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ಕೆಲಸದ ಜೀವಾಳ ಸತುವಿನ ಲೇಪವಿರುವ ಉಕ್ಕಿನ ಪಟ್ಟಿ. ಅದು ಪಕಾಸಿಯ (ಮಾಡನ್ನು ಹೊರುವ ಇಳಿಜಾರಿನ ಮರದ) ಬೆನ್ನ ಮೇಲಿಂದ ಸುತ್ತಿ ಇಳಿದು, ಗೋಡೆಯ ಮೇಲಿನ ಅಡ್ಡಮರವನ್ನು ಎರಡೂ ಬದಿಯಲ್ಲಿ ಹಿಡಿಯುತ್ತದೆ. ಒಂದೊಂದು ಬದಿಗೆ ನಾಲ್ಕು ಸ್ಕ್ರೂ. ನಮ್ಮ ಮನೆಯ 64 ಪಕಾಸಿಗಳಲ್ಲಿ ಒಂದನ್ನೂ ಬಿಡಲಿಲ್ಲ. ಹಳೆಯ ಹಲಸಿನ ಮರ ಸೀಳಬಾರದೆಂದು ಪ್ರತಿ ಸ್ಕ್ರೂವಿಗೂ ಮೊದಲು ಸಣ್ಣ ತೂತು ಕೊರೆದರು. ಹುಡುಗರು ಏಣಿಯ ಮೇಲೆ ನಿಂತು ಆ ತಾಳ್ಮೆ ತೋರಿಸಿದ್ದನ್ನು ನಾನು ಮರೆಯುವುದಿಲ್ಲ. ಆದರೆ ಅಡ್ಡಮರದವರೆಗೆ ಬಿಗಿದರೆ ಸಾಲದು. ನಮ್ಮದು ಮಣ್ಣಿನ ಗಾರೆಯಲ್ಲಿ ಕಟ್ಟಿದ ಜಂಬಿಟ್ಟಿಗೆಯ ಗೋಡೆಯಾದ್ದರಿಂದ, ಅಡ್ಡಮರಕ್ಕೆ ಬರೀ ಬೋಲ್ಟು ಹಾಕಿದ್ದರೆ ಮೇಲಿನ ಒಂದೆರಡು ವರಸೆ ಕಲ್ಲನ್ನೂ ಹೊತ್ತುಕೊಂಡೇ ಮಾಡು ಏಳುತ್ತಿತ್ತು. ಅದಕ್ಕಾಗಿ ನಾಲ್ಕಡಿ ಉದ್ದದ ಸರಳುಗಳನ್ನು ಗೋಡೆಯ ಮೈಗುಂಟ ಇಳಿಸಿ, ಕೆಳಗಿನ ವರಸೆಗಳ ನಡುವೆ ತೂರಿಸಿದ ಉಕ್ಕಿನ ಹಲಗೆಗೆ ಬಿಗಿದರು. ಭಾವನವರ ಮನೆಯಲ್ಲಿ ಗೋಡೆಯ ತುದಿಗೆ ಸುತ್ತಲೂ ಕಾಂಕ್ರೀಟ್ ಪಟ್ಟಿ ಮೊದಲೇ ಇದ್ದುದರಿಂದ ಈ ಕೆಲಸ ಒಂದೇ ದಿನದಲ್ಲಿ ಮುಗಿಯಿತು.

ತಂಡದ ದೊಡ್ಡ ಲೋಪ ಕಂಡದ್ದು ಕಡಲಂಚಿನಲ್ಲಿ. ಪಟ್ಟಿ ಒಳ್ಳೆಯದು ತಂದಿದ್ದರು, ಆದರೆ ಸ್ಕ್ರೂ ಮಾತ್ರ ಜಿಪ್ಸಮ್ ಹಲಗೆಗೆ ಬಳಸುವ ಕಪ್ಪು ಬಣ್ಣದ್ದು. ಅದು ಗಡುಸಾದರೂ ಪೆಡಸು, ಅಡ್ಡ ಎಳೆತಕ್ಕೆ ಬಾಗದೆ ಕಡಿದುಹೋಗುತ್ತದೆ, ಉಪ್ಪು ಗಾಳಿಗಂತೂ ತಡೆಯುವುದೇ ಇಲ್ಲ. ನವರಾತ್ರಿಗೆ ನಾನು ಹೋದಾಗ ಸ್ಕ್ರೂ ತಲೆಗಳ ಕೆಳಗೆ ಕೆಂಪು ನೀರಿನ ಗೆರೆಗಳು ಇಳಿದಿದ್ದವು, ಒಂದನ್ನು ತಿರುಗಿಸಿದರೆ ತಲೆ ಕೈಗೇ ಬಂತು. ಎರಡು ವಾರ ಫೋನು ಮಾಡಿದ ಮೇಲೆ ಮೇಸ್ತ್ರಿ ಬಂದರು. ಬಂದವರು ವಾದ ಮಾಡಲಿಲ್ಲ, ಅಷ್ಟನ್ನೂ ಸ್ಟೇನ್‌ಲೆಸ್ ಸ್ಟೀಲಿನ ಸ್ಕ್ರೂಗೆ ತಮ್ಮ ಖರ್ಚಿನಲ್ಲೇ ಬದಲಿಸಿದರು. ಆದರೂ ಕರಾವಳಿಯ ಕೆಲಸ ಒಪ್ಪಿಕೊಳ್ಳುವವರು ಇದನ್ನು ಮೊದಲೇ ತಿಳಿದಿರಬೇಕಿತ್ತು ಎಂಬ ನನ್ನ ಅಸಮಾಧಾನ ಹೋಗಿಲ್ಲ.

ಸೂರಿನ ವಿಚಾರದಲ್ಲಿ ನನಗೂ ಮೇಸ್ತ್ರಿಗೂ ಬಹಳ ಚರ್ಚೆಯಾಯಿತು. ವಿಪರೀತ ಮಳೆ ಸುರಿಯುವ ಆಗುಂಬೆಗೆ ಹತ್ತಿರವಿರುವ ನಮಗೆ ಮೂರಡಿ ಸೂರು ಇಲ್ಲದಿದ್ದರೆ ಗೋಡೆಯೇ ಕರಗುತ್ತದೆ. ಚಂಡಮಾರುತದ ಲೆಕ್ಕದಲ್ಲಿ ಸೂರು ಒಂದೂವರೆ ಅಡಿ ದಾಟಬಾರದು, ಏಕೆಂದರೆ ಗಾಳಿ ಕೆಳಗಿನಿಂದ ಅದನ್ನೇ ಹಿಡಿದು ಇಡೀ ಮಾಡನ್ನು ಮೀಟುತ್ತದೆ. ಕೊನೆಗೆ ನಮ್ಮಲ್ಲಿ ಸೂರನ್ನು ಹಾಗೇ ಉಳಿಸಿ, ಜಗುಲಿಯ ಮುಂಡಿಗೆ ಕಂಬಗಳಿಗೂ ಪಟ್ಟಿ ಹಾಕಿಸಿದೆವು. ಭಾವನವರಲ್ಲಿ ಸೂರನ್ನು ಕತ್ತರಿಸಿ, ಜಗುಲಿಗೆ ಬೇರೆಯದೇ ಮಾಡು ಇಳಿಸಿದರು. ಆ ಮಾಡು ಕಿತ್ತುಹೋದರೂ ಮನೆಯ ಮಾಡನ್ನು ಎಳೆದೊಯ್ಯುವುದಿಲ್ಲ. ಇಡೀ ಕೆಲಸದಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾದ ತೀರ್ಮಾನ ಇದು.

ಮಾಡನ್ನಷ್ಟೇ ಬಿಗಿದರೆ ಸಾಲದು ಎಂಬುದಕ್ಕೆ ಒಂದು ಉದಾಹರಣೆ ಹೇಳುತ್ತೇನೆ. 1992ರ ಆಗಸ್ಟಿನಲ್ಲಿ ಆಂಡ್ರೂ ಚಂಡಮಾರುತ ಅಮೆರಿಕದ ದಕ್ಷಿಣ ಫ್ಲಾರಿಡಾವನ್ನು ಹೊಡೆದಾಗ ಇಪ್ಪತ್ತೈದು ಸಾವಿರಕ್ಕೂ ಹೆಚ್ಚು ಮನೆಗಳು ನೆಲಸಮವಾದವು. ಮಾಡಿನ ಹಲಗೆಗೆ ಮೊಳೆ ಸರಿಯಾಗಿ ಹೊಡೆಯದಿದ್ದುದು, ತ್ರಿಕೋನದ ಮೊಗಗೋಡೆಗೆ ಒತ್ತುಗಂಬವಿಲ್ಲದಿದ್ದುದು, ಕಿಟಕಿ ಒಡೆದು ಒಳಹೊಕ್ಕ ಗಾಳಿ ಮಾಡನ್ನು ಒಳಗಿನಿಂದಲೂ ಎತ್ತಿದ್ದು ಆಮೇಲಿನ ಪರಿಶೀಲನೆಯಲ್ಲಿ ಕಂಡುಬಂತು. ಅಲ್ಲಿ 2002ರಿಂದ ರಾಜ್ಯಕ್ಕೆಲ್ಲ ಒಂದೇ ಕಟ್ಟಡ ಸಂಹಿತೆ ಜಾರಿಯಾಯಿತು. ನಮ್ಮ ತಂಡ ಕಿಟಕಿಯ ಮಾತನ್ನೇ ಎತ್ತಲಿಲ್ಲ. ಪಡುವಣ ದಿಕ್ಕಿನ ದೊಡ್ಡ ಗಾಜಿನ ಕಿಟಕಿಗೆ ಮರದ ಬಾಗಿಲನ್ನು ಭಾವನವರೇ ಬೇರೆ ಆಚಾರಿಯಿಂದ ಮಾಡಿಸಿದರು.

ಮಲೆನಾಡಿನಲ್ಲಿ ಗಾಳಿಗಿಂತ ಮನೆಯ ಮೇಲೆ ಬೀಳುವ ಮರದ ಭಯವೇ ದೊಡ್ಡದು, ಅದಕ್ಕೆ ಯಾವ ಪಟ್ಟಿಯೂ ಆಗುವುದಿಲ್ಲ. ಇದನ್ನು ಮೇಸ್ತ್ರಿಯೇ ಹೇಳಿ, ಹಿತ್ತಲಿನ ಹಳೆಯ ಮಾವಿನ ಒಣಕೊಂಬೆಗಳನ್ನು ಮೊದಲು ಕಡಿಸಿಕೊಳ್ಳಿ ಎಂದರು. ಏಪ್ರಿಲ್ ಒಳಗೆ ಮುಗಿಸುವಂತೆ ನಮ್ಮ ಕೊಟ್ಟಿಗೆಯ ಮಾಡಿನ ಕೆಲಸವನ್ನೂ ಅವರಿಗೇ ಒಪ್ಪಿಸಿದ್ದೇನೆ. ಈ ಸಲ ಸ್ಕ್ರೂ ಪೆಟ್ಟಿಗೆಯನ್ನು ನಾನೇ ನೋಡಿ ತರುತ್ತೇನೆ.