ಬೆಳಕಿನ ಕೀಬೋರ್ಡ್ ಮೂರು, ಮೇಜು ಒಂದು: ಬಳ್ಳಾರಿಯಲ್ಲಿ ನಾನೇ ಬಳಸಿ ನೋಡಿದ ಹೋಲಿಕೆ

ನಮ್ಮ ಮನೆಯಲ್ಲಿ ಕಂಪ್ಯೂಟರ್ ಇರುವುದು ಅವ್ವ ಮಲಗುವ ಕೋಣೆಯಲ್ಲಿ. ರಾತ್ರಿ ಹತ್ತಾದರೆ ಟ್ಯೂಬ್‌ಲೈಟ್ ಆರಿಸಲೇಬೇಕು. ನನ್ನ ಕೆಲಸ ಅಷ್ಟೊತ್ತಿಗೆ ಮುಗಿಯುವುದಿಲ್ಲ. ಹಗಲು ಮುಂಡ್ರಿಗಿ ಕಡೆಯ ಒಂದು ಜೀನ್ಸ್ ಯೂನಿಟ್‌ನಲ್ಲಿ ಲೆಕ್ಕ ಬರೆಯುತ್ತೇನೆ. ಸಂಜೆ ಮನೆಗೆ ಬಂದು ಇನ್ನೂ ನಾಲ್ಕು ಸಣ್ಣ ಯೂನಿಟ್‌ಗಳ ಲೆಕ್ಕವನ್ನು ಟ್ಯಾಲಿ ಎಂಬ ಸಾಫ್ಟ್‌ವೇರ್‌ಗೆ ಎಂಟ್ರಿ ಮಾಡುತ್ತೇನೆ. ಅದೆಲ್ಲ ಮುಗಿದ ಮೇಲೆ ತಮ್ಮನ ಜೊತೆ ಒಂದು ತಾಸು ಕೌಂಟರ್-ಸ್ಟ್ರೈಕ್ ಆಟ. ಅದನ್ನು ಬಿಡುವ ಮಾತೇ ಇಲ್ಲ.

ಮೇಜು ಚಿಕ್ಕದು. ಬಿಲ್ ಕಟ್ಟು ಬಿಚ್ಚಬೇಕೆಂದರೆ ಕೀಬೋರ್ಡ್ ಪಕ್ಕಕ್ಕೆ ಸರಿಸಬೇಕು. ಹಳೆಯ ಕೀಬೋರ್ಡ್‌ನ ವೈರ್ ಎಳೆದು ಎಳೆದು ಬುಡದಲ್ಲೇ ಕಿತ್ತುಬಂತು. ಹಾಗಾಗಿ ವೈರ್ ಇಲ್ಲದ, ಕತ್ತಲಲ್ಲಿ ಅಕ್ಷರ ಕಾಣುವ, ಮೂರು ಸಾವಿರದ ಆಸುಪಾಸಿನ ಕೀಬೋರ್ಡ್ ಹುಡುಕಲು ಹೊರಟೆ. ಎರಡು ತಿಂಗಳಲ್ಲಿ ಮೂರು ಕೀಬೋರ್ಡ್ ಅದೇ ಮೇಜಿನ ಮೇಲೆ ಬಂದು ಹೋದವು. ಕಂಪನಿ ಹೆಸರು ಬರೆಯುತ್ತಿಲ್ಲ. ಈ ಬೆಲೆಯಲ್ಲಿ ಮಾಡೆಲ್‌ಗಳು ಬೇಗ ಬದಲಾಗುತ್ತವೆ, ಹೆಸರು ಹಿಡಿದು ಹುಡುಕಿದರೆ ಸಿಗುವುದೇ ಇಲ್ಲ. ಬಗೆ ಗೊತ್ತಾದರೆ ಯಾವ ಅಂಗಡಿಯಲ್ಲಾದರೂ ಆರಿಸಬಹುದು.

ಮೊದಲನೆಯದು ಬೆಂಗಳೂರು ರಸ್ತೆಯ ಅಂಗಡಿಯಲ್ಲಿ ತಂದ ಮೆಂಬ್ರೇನ್ ಕೀಬೋರ್ಡ್, 1,300 ರೂಪಾಯಿ. ಕೀಗಳ ಕೆಳಗೆ ರಬ್ಬರ್ ಹಾಳೆ ಇರುವ ಮಾಮೂಲಿ ಬಗೆ. ಪೂರ್ತಿ ಗಾತ್ರ, ಬಲಕ್ಕೆ ನಂಬರ್ ಪ್ಯಾಡ್, ಕೆಳಗೆ ಕಾಮನಬಿಲ್ಲಿನ ಬಣ್ಣ. ಎರಡನೆಯದು ಆನ್‌ಲೈನ್‌ನಲ್ಲಿ ತರಿಸಿದ್ದು, 1,900 ರೂಪಾಯಿ. ಲ್ಯಾಪ್‌ಟಾಪ್‌ನಲ್ಲಿ ಇರುವಂಥ ಚಪ್ಪಟೆ ಕೀಗಳು, ಬಿಳಿ ಬೆಳಕು, ಬರೀ ಬ್ಲೂಟೂತ್, ನಂಬರ್ ಪ್ಯಾಡ್ ಇಲ್ಲ. ಮೂರನೆಯದು ಮೆಕ್ಯಾನಿಕಲ್, ಅಂದರೆ ಪ್ರತಿ ಕೀಗೂ ತನ್ನದೇ ಸ್ವಿಚ್ ಇರುವ ಬಗೆ, 3,200 ರೂಪಾಯಿ. 98 ಕೀ, ನಂಬರ್ ಪ್ಯಾಡ್ ಉಂಟು, ಟಿಕ್ ಅನ್ನದೆ ನುಣುಪಾಗಿ ಇಳಿಯುವ ಕೆಂಪು ಸ್ವಿಚ್. ಡಾಂಗಲ್ (ಯುಎಸ್‌ಬಿಗೆ ಚುಚ್ಚುವ ಪುಟ್ಟ ರಿಸೀವರ್), ಬ್ಲೂಟೂತ್, ವೈರ್, ಮೂರರಲ್ಲೂ ನಡೆಯುತ್ತದೆ.

ಈ ಬೆಲೆಗೆ ಮೆಕ್ಯಾನಿಕಲ್ ಹೇಗೆ ಸಿಗುತ್ತದೆ ಎಂದು ನನಗೂ ಅನುಮಾನವಿತ್ತು. ಈಗ ಎಲ್ಲ ಕಡೆ ಕಾಣುವ ಸ್ವಿಚ್‌ನ ಮಾದರಿ ಜರ್ಮನಿಯ ಚೆರ್ರಿ ಕಂಪನಿ 1980ರ ದಶಕದಲ್ಲಿ ತಂದದ್ದು. ಅದರ ಪೇಟೆಂಟ್ ಮುಗಿದ ಮೇಲೆ ಚೀನಾದ ಗೇಟೆರಾನ್, ಕೈಲ್, ಔಟೆಮು ಮುಂತಾದವರು ಅದೇ ಬಗೆಯ ಸ್ವಿಚ್ ಮಾಡತೊಡಗಿದರು. ಬೆಲೆ ಇಳಿಯಿತು. ನಮ್ಮಂಥವರ ಕೈಗೂ ಎಟುಕಿತು.

ಮೊದಲು ಕೆಲಸದ ಮಾತು. ಟ್ಯಾಲಿಯಲ್ಲಿ ಕೆಲಸ ಮಾಡುವವರಿಗೆ ಮೇಲಿನ ಎಫ್ ಕೀಗಳ ಸಾಲೇ ಕೈಕಾಲು. ಎಫ್5 ಪೇಮೆಂಟ್, ಎಫ್6 ರಿಸೀಟ್, ಎಫ್8 ಸೇಲ್ಸ್, ಎಫ್9 ಪರ್ಚೇಸ್. ಚಪ್ಪಟೆ ಕೀಬೋರ್ಡ್‌ನಲ್ಲಿ ಆ ಸಾಲು ಹಾಡು, ವಾಲ್ಯೂಮ್, ಸ್ಕ್ರೀನ್ ಬೆಳಕಿಗೆ ಮೀಸಲು. ಎಫ್8 ಬೇಕಾದರೆ ಪ್ರತಿ ಸಲ ಎಫ್ಎನ್ ಕೀ ಹಿಡಿದು ಒತ್ತಬೇಕು. ಅದನ್ನು ತಿರುಗಿಸಿ ಹಾಕುವ ಉಪಾಯ ಕೆಲವು ಮಾಡೆಲ್‌ಗಳಲ್ಲಿ ಇರುತ್ತದೆ, ನನ್ನದರಲ್ಲಿ ಇರಲಿಲ್ಲ. ಕೊಳ್ಳುವ ಮೊದಲು ಇದೊಂದನ್ನು ಕೇಳಿಯೇ ಕೇಳಿ.

ನಂಬರ್ ಪ್ಯಾಡ್ ಇಲ್ಲದ ಕಷ್ಟ ಜಿಎಸ್‌ಟಿ ನಂಬರ್ ಹೊಡೆಯುವಾಗ ತಿಳಿಯುತ್ತದೆ. ಒಟ್ಟು 15 ಅಕ್ಷರ. ಮೊದಲು ನಮ್ಮ ರಾಜ್ಯದ 29, ಆಮೇಲೆ ಪಾರ್ಟಿಯ ಪ್ಯಾನ್, ಅದರೊಳಗೇ ಐದು ಅಕ್ಷರ, ನಾಲ್ಕು ಅಂಕಿ, ಮತ್ತೊಂದು ಅಕ್ಷರ, ಕೊನೆಗೆ ಇನ್ನೂ ಮೂರು. ಎಡಗೈ ಅಕ್ಷರದ ಮೇಲೆ, ಬಲಗೈ ನಂಬರ್ ಪ್ಯಾಡ್ ಮೇಲೆ ಇಟ್ಟು ಹೊಡೆದರೆ ಕಣ್ಣು ಬಿಲ್ ಮೇಲೆಯೇ ಇರುತ್ತದೆ. ಮೇಲಿನ ಅಂಕಿಗಳ ಸಾಲಿನಲ್ಲಿ ಹೊಡೆಯಲು ಹೋದರೆ ಸಾರಿ ಸಾರಿ ಕೆಳಗೆ ನೋಡಬೇಕು. ಒಂದು ಅಂಕಿ ತಪ್ಪಿದರೂ ಕೊಂಡವರ ಲೆಕ್ಕಕ್ಕೆ ಆ ಬಿಲ್ ಹೋಗುವುದಿಲ್ಲ, ಆಮೇಲೆ ಫೋನ್ ಮೇಲೆ ಫೋನ್. ಈ ಕೆಲಸದಲ್ಲಿ ಮೆಂಬ್ರೇನ್ ಮತ್ತು ಮೆಕ್ಯಾನಿಕಲ್ ಎರಡೂ ಪಾಸ್. ಚಪ್ಪಟೆಯದು ಇಲ್ಲೇ ಹಿಂದೆ ಬಿತ್ತು.

ಕನ್ನಡದ ವಿಷಯ ಬೇರೆಯೇ ಇದೆ. ಕೀಬೋರ್ಡ್ ಹೋಲಿಕೆ ಬರೆಯುವವರು ಇದನ್ನು ಯಾಕೋ ಮುಟ್ಟುವುದಿಲ್ಲ. ಯೂನಿಟ್‌ನ ನೋಟಿಸ್, ಕೆಲಸಗಾರರ ಸಂಬಳದ ಚೀಟಿ, ಅರ್ಜಿ ಎಲ್ಲ ನಾನು ನುಡಿ ಎಂಬ ಕನ್ನಡ ತಂತ್ರಾಂಶದಲ್ಲೇ ಟೈಪ್ ಮಾಡುತ್ತೇನೆ. ಅದಕ್ಕೆ ವಿಶೇಷ ಕೀಬೋರ್ಡ್ ಬೇಡ, ಮಾಮೂಲಿ ಇಂಗ್ಲಿಷ್ ಕೀಬೋರ್ಡೇ ಸಾಕು. ಆದರೆ ನುಡಿಯ ವಿನ್ಯಾಸದಲ್ಲಿ ಶಿಫ್ಟ್ ಬಿಟ್ಟು ಬಾಳ್ವೆ ಇಲ್ಲ. ದೀರ್ಘಕ್ಕೆ ಶಿಫ್ಟ್, ಮಹಾಪ್ರಾಣಕ್ಕೆ ಶಿಫ್ಟ್, ಳ, ಣ ಎರಡಕ್ಕೂ ಶಿಫ್ಟ್. ಒತ್ತಕ್ಷರಕ್ಕೆ ಎಫ್ ಅಕ್ಷರದ ಕೀ. ನಮ್ಮ ಊರಿನ ಹೆಸರನ್ನೇ ನೋಡಿ: ಬಳ್ಳಾರಿ. ಒಂದು ಳ, ಅದರ ಒತ್ತು, ಅದರ ದೀರ್ಘ, ಮೂರು ಸಲ ಶಿಫ್ಟ್. ನಡುವೆ ಎಫ್ ಒತ್ತಲು ಶಿಫ್ಟ್ ಬಿಟ್ಟು ಮತ್ತೆ ಹಿಡಿಯಬೇಕು. ಬೆರಳು ಸ್ವಲ್ಪ ತಡವಾಗಿ ಎದ್ದರೂ ಅಕ್ಷರ ಕೆಟ್ಟುಹೋಗುತ್ತದೆ.

ಮೆಂಬ್ರೇನ್‌ನಲ್ಲಿ ಶಿಫ್ಟ್ ಕೀ ದೊಡ್ಡದು, ಆದರೆ ಮೆತ್ತಗೆ. ಮೂಲೆಯಲ್ಲಿ ಒತ್ತಿದರೆ ಒಂದು ಕಡೆ ಕುಸಿದು ಅಲ್ಲೇ ಒಂದು ಕ್ಷಣ ನಿಲ್ಲುತ್ತಿತ್ತು. "ಬಳ್ಳಾರಿ" ಬರೆಯಹೋಗಿ ಒತ್ತೇ ಬೀಳದೆ ಉಳಿಯುತ್ತಿತ್ತು. ಚಪ್ಪಟೆ ಕೀಬೋರ್ಡ್ ಇಲ್ಲಿ ನಿಜಕ್ಕೂ ಚೆನ್ನಾಗಿತ್ತು. ಕೀ ಎರಡು ಮಿಲಿಮೀಟರಿನಷ್ಟು ಮಾತ್ರ ಇಳಿಯುತ್ತದೆ, ಯಾವ ಮೂಲೆಯಲ್ಲಿ ಒತ್ತಿದರೂ ನೆಟ್ಟಗೆ ಇಳಿದು ನೆಟ್ಟಗೆ ಏಳುತ್ತದೆ. ಬರೀ ಪತ್ರ, ವರದಿ ಬರೆಯುವ ಕೆಲಸವಿದ್ದರೆ ನಾನು ಕಣ್ಣು ಮುಚ್ಚಿ ಅದನ್ನೇ ಇಟ್ಟುಕೊಳ್ಳುತ್ತಿದ್ದೆ. ಮೆಕ್ಯಾನಿಕಲ್‌ನಲ್ಲಿ ಕೀ ನಾಲ್ಕು ಮಿಲಿಮೀಟರ್ ಇಳಿಯುತ್ತದೆ, ಆದರೆ ಅರ್ಧ ದಾರಿಯಲ್ಲೇ ಅಕ್ಷರ ಬೀಳುತ್ತದೆ. ಮೊದಲ ವಾರ ಬೆರಳು ತಗುಲಿದ್ದಕ್ಕೆಲ್ಲ ಅಕ್ಷರ ಬಿದ್ದವು. ಎರಡನೇ ವಾರಕ್ಕೆ ಕೈ ಹೊಂದಿಕೊಂಡಿತು. ಮೂರನೇ ವಾರ ಒತ್ತಕ್ಷರ ತಪ್ಪುವುದು ನಿಂತೇಹೋಯಿತು.

ಇನ್ನೊಂದು ಮಾತು. ನಾನು ಬಳಸುವ ನುಡಿಯಲ್ಲಿ ಕನ್ನಡ-ಇಂಗ್ಲಿಷ್ ಬದಲಾಯಿಸಲು ಸ್ಕ್ರಾಲ್ ಲಾಕ್ ಒತ್ತಬೇಕು. ಚಿಕ್ಕ ಕೀಬೋರ್ಡ್‌ಗಳಲ್ಲಿ ಮೊದಲು ಮಾಯವಾಗುವುದೇ ಆ ಕೀ. ಚಪ್ಪಟೆಯದರಲ್ಲಿ ಇರಲೇ ಇಲ್ಲ, ವಿಂಡೋಸ್‌ನ ಆನ್-ಸ್ಕ್ರೀನ್ ಕೀಬೋರ್ಡ್ ತೆಗೆದು ಮೌಸ್‌ನಿಂದ ಒತ್ತುತ್ತಿದ್ದೆ. ಮೆಕ್ಯಾನಿಕಲ್‌ನಲ್ಲಿ ಎಫ್ಎನ್ ಜೊತೆ ಒತ್ತಿದರೆ ಬರುತ್ತದೆ. ನುಡಿ ಬಳಸುವವರು ಡಬ್ಬಿಯ ಮೇಲಿನ ಚಿತ್ರದಲ್ಲಿ ಆ ಕೀ ಎಲ್ಲಿದೆ ಎಂದು ಹುಡುಕಿಯೇ ದುಡ್ಡು ಕೊಡಿ.

ಈಗ ಬೆಳಕು. ಇದಕ್ಕಾಗಿಯೇ ಅಲ್ವಾ ಇಷ್ಟೆಲ್ಲ ಹುಡುಕಾಟ.

ಮೆಂಬ್ರೇನ್‌ನ ಬಣ್ಣ ಅಂಗಡಿಯಲ್ಲಿ ಕಣ್ಣು ಸೆಳೆಯಿತು. ಮನೆಗೆ ತಂದು ಕತ್ತಲಲ್ಲಿ ಇಟ್ಟಾಗ ಬೇರೆಯೇ ಕಂಡಿತು. ಬೆಳಕು ಅಕ್ಷರದೊಳಗಿಂದ ಬರುವುದಕ್ಕಿಂತ ಜಾಸ್ತಿ ಕೀಗಳ ಸಂದಿಯಿಂದ ಬರುತ್ತಿತ್ತು. ನಡುವಿನ ಅಕ್ಷರ ಕಾಣುತ್ತವೆ, ಮೂಲೆಯವು ಮಂಕು. ಕಡಿಮೆ-ಹೆಚ್ಚು ಮಾಡಲು ಬರುವುದಿಲ್ಲ. ಹೊತ್ತಿಸು, ಇಲ್ಲ ಆರಿಸು, ಅಷ್ಟೇ. ಚಪ್ಪಟೆಯದರ ಬಿಳಿ ಬೆಳಕು ಸಮನಾಗಿತ್ತು, ಮೂರು ಮಟ್ಟ ಇದ್ದವು, ಕಣ್ಣಿಗೆ ಹಿತ. ಆದರೆ ಬ್ಯಾಟರಿ ಉಳಿಸಲು ಹತ್ತು ಸೆಕೆಂಡಿಗೇ ಆರಿಹೋಗುತ್ತದೆ. ಬಿಲ್ ನೋಡಿ ತಲೆ ಎತ್ತುವಷ್ಟರಲ್ಲಿ ಕತ್ತಲು. ಯಾವುದೋ ಒಂದು ಕೀ ಒತ್ತಿ ಎಬ್ಬಿಸಬೇಕು. ಇನ್ನೂ ಸ್ವಲ್ಪ ಹೊತ್ತು ಬಿಟ್ಟರೆ ಕೀಬೋರ್ಡೇ ನಿದ್ದೆಗೆ ಹೋಗುತ್ತಿತ್ತು, ಆಗ ಒತ್ತಿದ ಮೊದಲ ಅಕ್ಷರ ಕಂಪ್ಯೂಟರಿಗೆ ತಲುಪುತ್ತಿರಲಿಲ್ಲ. 29ರಲ್ಲಿ 2 ಹಾರಿಹೋಗಿ ಬರೀ 9 ಉಳಿದದ್ದು ನಾನು ಎಷ್ಟು ಸಲ ನೋಡಿದ್ದೇನೋ.

ಮೆಕ್ಯಾನಿಕಲ್‌ನಲ್ಲಿ ಪ್ರತಿ ಕೀಗೂ ಒಂದೊಂದು ಎಲ್‌ಇಡಿ. ದೀಪ ಕೀಯ ಮೇಲಿನ ಅರ್ಧದ ಕೆಳಗಿದೆ. ಅದಕ್ಕೇ ಮೇಲೆ ಅಚ್ಚಾದ ಅಕ್ಷರ ಚೊಕ್ಕ, ಕೆಳಗೆ ಅಚ್ಚಾದ ಚಿಹ್ನೆ ಸ್ವಲ್ಪ ಮಬ್ಬು. ಕೀಗಳು ಎರಡು ಪ್ಲಾಸ್ಟಿಕ್ ಸೇರಿಸಿ ಅಚ್ಚು ಹಾಕಿದ ಡಬಲ್-ಶಾಟ್ ಬಗೆಯವು, ಅಕ್ಷರ ಬಣ್ಣದ್ದಲ್ಲ, ಸವೆದುಹೋಗುವ ಭಯವಿಲ್ಲ. ಮೆಂಬ್ರೇನ್‌ನಲ್ಲಿ ಬಳಿದ ಬಣ್ಣ ಆಗಲೇ ಎಫ್ ಕೀ ಮೇಲೆ ಮಾಸತೊಡಗಿತ್ತು. ಒತ್ತಕ್ಷರ ಬರೆದಷ್ಟೂ ಆ ಕೀಗೇ ಪೆಟ್ಟು.

ಬೆಳಕಿಗೆ ಬ್ಯಾಟರಿ ಕೊಡಬೇಕಾದ ಬೆಲೆ ಜಾಸ್ತಿ. ಮೆಕ್ಯಾನಿಕಲ್‌ನ ಬ್ಯಾಟರಿ 4,000 ಎಂಎಎಚ್. ಬೆಳಕು ಆರಿಸಿದರೆ ವಾರಗಟ್ಟಲೆ ಬರುತ್ತದೆ. ಪೂರ್ತಿ ಬೆಳಕಿನಲ್ಲಿ ನನಗೆ ಸಿಕ್ಕಿದ್ದು 20-22 ತಾಸು. ಲೆಕ್ಕ ಹಾಕಿದರೆ ಸರಿಯಾಗಿಯೇ ಇದೆ: 98 ದೀಪ, ಒಂದೊಂದು ಎರಡು ಮಿಲಿಆಂಪ್ ಎಳೆದರೂ ಸುಮಾರು 200 ಆಗುತ್ತದೆ. 4,000ವನ್ನು 200ರಿಂದ ಭಾಗಿಸಿ ನೋಡಿ. ಡಬ್ಬಿಯ ಮೇಲೆ ದೊಡ್ಡದಾಗಿ ಬರೆದ ತಾಸುಗಳ ಲೆಕ್ಕ ಬೆಳಕು ಆರಿಸಿದಾಗಿನದು. ಇಂಥ ದೀಪದಲ್ಲಿ ಬಿಳಿ ಬಣ್ಣ ಬೇಕೆಂದರೆ ಕೆಂಪು, ಹಸಿರು, ನೀಲಿ ಮೂರೂ ಉರಿಯಬೇಕು. ಬರೀ ಕೆಂಪು ಇಟ್ಟರೆ ಒಂದೇ ಉರಿಯುತ್ತದೆ. ನಾನು ಕೆಂಪು ಇಟ್ಟು, ಬೆಳಕು ಎರಡನೇ ಮಟ್ಟಕ್ಕೆ ಇಳಿಸಿದ ಮೇಲೆ ಎರಡು ವಾರದ ರಾತ್ರಿಗಳು ಆರಾಮಾಗಿ ನಡೆದವು. ಅವ್ವನ ಕಣ್ಣಿಗೂ ಚುಚ್ಚುವುದಿಲ್ಲ.

ಬ್ಯಾಟರಿ ಎಂದಾಗ ನಮ್ಮ ಊರಿನ ಬಿಸಿಲು ನೆನಪಿರಲಿ. ಏಪ್ರಿಲ್-ಮೇನಲ್ಲಿ 40 ಡಿಗ್ರಿ ದಾಟುವ ಊರು ಇದು. ಬಿಸಿಲಲ್ಲಿ ನಿಲ್ಲಿಸಿದ ಗಾಡಿಯ ಡಿಕ್ಕಿಯಲ್ಲಿ ಕೀಬೋರ್ಡ್ ಬಿಡಬೇಡಿ, ಲಿಥಿಯಂ ಬ್ಯಾಟರಿಗೆ ಬಿಸಿಯೇ ದೊಡ್ಡ ಶತ್ರು.

ಆಟದ ವಿಷಯಕ್ಕೆ ಬರೋಣ. ಅಂಗಡಿಯಲ್ಲೇ ಮಾಡಬಹುದಾದ ಒಂದು ಪರೀಕ್ಷೆಯನ್ನು ನನ್ನ ತಮ್ಮ ಹೇಳಿಕೊಟ್ಟ. "ಅಕ್ಕಾ, ಎರಡೂ ಕಡೆಯ ಶಿಫ್ಟ್ ಹಿಡ್ಕೊಂಡು ಎಲ್ಲ ಅಕ್ಷರ ಹೊಡೆದು ನೋಡು, ಎಷ್ಟು ಬೀಳ್ತಾವ ಎಣಿಸು" ಅಂದ. ಮೆಂಬ್ರೇನ್‌ನಲ್ಲಿ ಏಳೆಂಟು ಅಕ್ಷರ ಬೀಳಲೇ ಇಲ್ಲ. ಮೂರು ಕೀ ಒಟ್ಟಿಗೆ ಒತ್ತಿದಾಗ ಹಾಳೆಯ ಮೇಲಿನ ಗೆರೆಗಳಿಗೆ ಯಾವುದು ಒತ್ತಿದ್ದು ಎಂದು ಬಿಡಿಸಿ ಹೇಳಲು ಆಗುವುದಿಲ್ಲ. ಆಟದಲ್ಲಿ ಓಡುತ್ತಾ, ಬಗ್ಗಿ, ಪಕ್ಕಕ್ಕೆ ಜಿಗಿಯಬೇಕಾದಾಗ ಇದೇ ತೊಂದರೆ. ಮೂಲೆ ತಿರುಗುವಾಗ ಆಳು ನಿಂತಲ್ಲೇ ನಿಂತರೆ ಆ ಸುತ್ತು ಮುಗಿದಂತೆಯೇ. ಮೆಕ್ಯಾನಿಕಲ್‌ನಲ್ಲಿ ಒಂದೂ ತಪ್ಪಲಿಲ್ಲ.

ಡಾಂಗಲ್ ಮತ್ತು ಬ್ಲೂಟೂತ್ ಎರಡೂ 2.4 ಗಿಗಾಹರ್ಟ್ಸ್‌ನಲ್ಲೇ ನಡೆಯುತ್ತವೆ. ಆದರೆ ಆಟಕ್ಕೆಂದು ಮಾಡಿದ ಡಾಂಗಲ್ ಸೆಕೆಂಡಿಗೆ 1,000 ಸಲದವರೆಗೆ ಕೀಗಳ ಸುದ್ದಿ ಮುಟ್ಟಿಸುತ್ತದೆ, ಅಂದರೆ ಒಂದು ಮಿಲಿಸೆಕೆಂಡಿಗೊಮ್ಮೆ. ಸಾಮಾನ್ಯ ಕೀಬೋರ್ಡ್‌ನದು 125 ಸಲ, ಎಂಟು ಮಿಲಿಸೆಕೆಂಡಿಗೊಮ್ಮೆ. ನಿಜ ಹೇಳಬೇಕೆಂದರೆ ಈ ಏಳು ಮಿಲಿಸೆಕೆಂಡ್ ನನ್ನ ಬೆರಳಿಗೆ ತಿಳಿಯಲಿಲ್ಲ. ತಿಳಿದದ್ದು ಬ್ಲೂಟೂತ್ ನಡುನಡುವೆ ಒಂದು ಕ್ಷಣ ತಡೆಯುವುದು. ಟೈಪಿಂಗ್‌ನಲ್ಲಿ ಅದು ಲೆಕ್ಕಕ್ಕಿಲ್ಲ, ಆಟದಲ್ಲಿ ಮಾತ್ರ ಸಹಿಸಲು ಆಗುವುದಿಲ್ಲ.

ಡಾಂಗಲ್ ಬಗ್ಗೆ ಒಂದು ಪಾಠ ಕಲಿತೆ. ಮೊದಲು ಅದನ್ನು ಸಿಪಿಯು ಹಿಂದೆ, ಹಾರ್ಡ್ ಡಿಸ್ಕ್ ಪಕ್ಕದ ನೀಲಿ ಯುಎಸ್‌ಬಿಗೆ ಚುಚ್ಚಿದ್ದೆ. ಒಂದೊಂದು ಸಲ ಕ ಒತ್ತಿದರೆ ಸಾಲಾಗಿ ಕಕಕಕ ಬೀಳುತ್ತಿತ್ತು, ಒಂದೊಂದು ಸಲ ಏನೂ ಇಲ್ಲ. ಕೀಬೋರ್ಡ್ ಕೆಟ್ಟಿದೆ ಎಂದು ಹಿಂದಿರುಗಿಸಲು ಹೊರಟಿದ್ದೆ. ಕಾರಣ ಬೇರೆಯೇ ಇತ್ತು: ಆ ನೀಲಿ ಯುಎಸ್‌ಬಿ 3.0 ಜಾಗ, ಅದಕ್ಕೆ ಹಚ್ಚಿದ ಡಿಸ್ಕ್ ಎರಡೂ 2.4 ಗಿಗಾಹರ್ಟ್ಸ್ ಹತ್ತಿರವೇ ಗದ್ದಲ ಎಬ್ಬಿಸುತ್ತವೆ. ಮೇಲಾಗಿ ನಮ್ಮದು ಕಬ್ಬಿಣದ ಮೇಜು. ಒಂದು ಮೊಳದ ಎಕ್ಸ್‌ಟೆನ್ಷನ್ ವೈರ್ ತಂದು ಡಾಂಗಲ್ ಮೇಜಿನ ಮೇಲೆ ಇಟ್ಟೆ. ಅವತ್ತಿನಿಂದ ಒಂದು ಅಕ್ಷರವೂ ತಪ್ಪಿಲ್ಲ.

ಸದ್ದು ಮೆಕ್ಯಾನಿಕಲ್‌ನ ದೊಡ್ಡ ಕೊರತೆ. ಮೊದಲ ರಾತ್ರಿ ಅವ್ವ ಎದ್ದು ಕೂತು, "ಇಷ್ಟೊತ್ತಿನ್ಯಾಗ ಹೊಲಿಗಿ ಮಷೀನ್ ಯಾರವ್ವ ಹಚ್ಯಾರ?" ಅಂದಳು. ಅದೂ ಕೆಂಪು ಸ್ವಿಚ್, ಟಿಕ್ ಅನ್ನುವ ನೀಲಿ ಸ್ವಿಚ್ ಅಲ್ಲ. ಮನೆಯಲ್ಲಿ ಮಲಗುವವರು ಇದ್ದರೆ ನೀಲಿ ಸ್ವಿಚ್ ಬೇಡವೇ ಬೇಡ. ಹುಡುಕಿದಾಗ ಗೊತ್ತಾಯಿತು, ಸದ್ದು ಕೀಗಿಂತ ಜಾಸ್ತಿ ಮೇಜಿನಿಂದ ಬರುತ್ತಿತ್ತು. ಯೂನಿಟ್‌ನಿಂದ ದಪ್ಪ ಡೆನಿಮ್ ತುಂಡು ತಂದು ನಾಲ್ಕು ಮಡಿಕೆ ಮಾಡಿ ಕೀಬೋರ್ಡ್ ಕೆಳಗೆ ಹಾಸಿದೆ. ಸದ್ದು ಅರ್ಧಕ್ಕೆ ಇಳಿಯಿತು. ಅವ್ವ ಮತ್ತೆ ಎದ್ದಿಲ್ಲ.

ಧೂಳಿನ ಪರೀಕ್ಷೆ ಯೂನಿಟ್‌ನಲ್ಲಿ ತಾನಾಗಿಯೇ ಆಯಿತು. ಮೂರನ್ನೂ ಒಂದೊಂದು ವಾರ ಅಲ್ಲಿ ಇಟ್ಟಿದ್ದೆ. ಡೆನಿಮ್ ಕತ್ತರಿಸುವ ಕಡೆಯಿಂದ ಸಣ್ಣ ನೀಲಿ ನಾರು ಹಾರಿಬಂದು ಎಲ್ಲದರ ಮೇಲೂ ಕೂರುತ್ತದೆ. ಮೆಕ್ಯಾನಿಕಲ್‌ನ ಕೀ ಕಿತ್ತು ನೋಡಿದರೆ ಸ್ವಿಚ್ ಸುತ್ತ ನೀಲಿ ನಾರಿನ ಉಂಗುರ, ಮೇಲೆ ಊರಿನ ಕೆಂಪು ಧೂಳಿನ ತೆಳು ಪದರ. ಬ್ರಷ್‌ನಲ್ಲಿ ಹತ್ತು ನಿಮಿಷಕ್ಕೆ ಎಲ್ಲ ಹೋಯಿತು. ಚಪ್ಪಟೆಯದರಲ್ಲಿ ಒಂದು ಕೀ ಏಳಿಸಲು ಹೋಗಿ ಕೆಳಗಿನ ಕತ್ತರಿಯಂಥ ಸಣ್ಣ ಕ್ಲಿಪ್ ಮುರಿಯಿತು. ಅದಕ್ಕೆ ಬಿಡಿಭಾಗ ಎಲ್ಲೂ ಸಿಗಲಿಲ್ಲ.

ಹಾಗಾಗಿ ಮೆಕ್ಯಾನಿಕಲ್ ನನ್ನ ಮೇಜಿನ ಮೇಲೆ ಉಳಿಯಿತು. ನಿಮ್ಮ ಕೈಯಲ್ಲಿ 1,500 ಮಾತ್ರ ಇದ್ದು, ಆಟ ಆಡದೆ ಬರೀ ಬಿಲ್ಲಿಂಗ್ ಮಾಡುತ್ತೀರಾದರೆ ಮೆಂಬ್ರೇನ್ ಸಾಕು, ಸುಮ್ನೆ ಜಾಸ್ತಿ ಖರ್ಚು ಬೇಡ. ಆದರೆ ಆ ದುಡ್ಡಿಗೆ ಬೆಳಕಿನ ಆಸೆ ಬಿಟ್ಟು ಒಳ್ಳೆಯ ಶಿಫ್ಟ್ ಇರುವುದನ್ನು ಹುಡುಕಿ. ನನ್ನ ಮೆಂಬ್ರೇನ್ ಈಗ ಯೂನಿಟ್‌ನಲ್ಲಿ ಗೋದಾಮಿನ ಕಂಪ್ಯೂಟರಿಗೆ ಹೋಗಿದೆ. ಚಪ್ಪಟೆಯದನ್ನು ತಮ್ಮ ತನ್ನ ಟ್ಯಾಬ್‌ಗೆ ಹಚ್ಚಿಕೊಂಡು ನೋಟ್ಸ್ ಬರೆಯುತ್ತಾನೆ, ಕ್ಲಿಪ್ ಮುರಿದದ್ದು ಯಾವತ್ತೂ ಬೇಕಾಗದ ಮೂಲೆಯ ಕೀ.

ಜಿಎಸ್‌ಟಿಆರ್-1, ಅಂದರೆ ತಿಂಗಳ ಮಾರಾಟದ ಬಿಲ್‌ಗಳ ವಿವರ, ಸಲ್ಲಿಸುವ ಕೊನೆಯ ದಿನ 11ನೇ ತಾರೀಖು. 9ರ ರಾತ್ರಿ ಮಲಗುವ ಮುಂಚೆ ಕೀಬೋರ್ಡ್‌ಗೆ ಚಾರ್ಜಿಂಗ್ ವೈರ್ ಹಚ್ಚಿಡುತ್ತೇನೆ.