ಕೈಬೆವರಿನ ಮುಂದೆ ಐದು ಲೋಹದ ತುಂಡುಗಳು

ಪೀಣ್ಯದ ಟೂಲ್‌ರೂಮಿಗೆ ಸೇರಿದ ಎರಡನೇ ವಾರವೇ ಸ್ಲಿಪ್ ಗೇಜ್ (ನಿಖರ ಅಳತೆಗೆ ಬಳಸುವ ನುಣುಪಾದ ಉಕ್ಕಿನ ತುಂಡು) ಪೆಟ್ಟಿಗೆ ಮುಟ್ಟಕೂಡದು ಅಂತ ನನಗೆ ಅಪ್ಪಣೆಯಾಯಿತು. ಸಂಜೆ ಒರೆಸದೆ ಇಟ್ಟ ಗೇಜಿನ ಮೇಲೆ ಬೆಳಗ್ಗೆ ನನ್ನ ಹೆಬ್ಬೆಟ್ಟು ಕಂದು ತುಕ್ಕಿನಲ್ಲಿ ಗೆರೆಗೆರೆಯಾಗಿ ಅಚ್ಚಾಗಿತ್ತು. "ಏನಯ್ಯಾ, ಉಪ್ಪಿನಕಾಯಿ ಕಲಸಿದ ಕೈಯಲ್ಲೇ ಕೆಲಸಕ್ಕೆ ಬರ್ತೀಯಾ?" ಅಂದರು ಇನ್‌ಸ್ಪೆಕ್ಷನ್ ಟೇಬಲ್‌ನ ಅಣ್ಣ. ಅವರದು ಒಣ ಕೈ. ವರ್ಷಗಳಿಂದ ಅದೇ ಗೇಜು ಹಿಡಿದರೂ ಒಂದು ಕಲೆಯಿಲ್ಲ.

ನನ್ನ ಬೆವರಲ್ಲಿ ಆಸಿಡ್ ಜಾಸ್ತಿ ಅಂತ ಎಲ್ಲರ ತೀರ್ಪು. ನೋಡೇಬಿಡೋಣ ಅಂತ ಮಳೆಗಾಲದಲ್ಲಿ ಸ್ಕ್ರ್ಯಾಪ್ ರಾಡುಗಳಿಂದ ಹೆಬ್ಬೆರಳು ಗಾತ್ರದ ತುಂಡುಗಳನ್ನು ಎರಡೆರಡರಂತೆ ಕತ್ತರಿಸಿದೆ: ಬ್ಲ್ಯಾಕನಿಂಗ್ ಮಾಡಿಸಿದ ಎಂ.ಎಸ್. (ಮೈಲ್ಡ್ ಸ್ಟೀಲ್, ಅಂದರೆ ಮಾಮೂಲಿ ಉಕ್ಕು), ಕ್ರೋಮ್ ಹಾಕಿಸಿದ ಎಂ.ಎಸ್., ಬರೀ ಹಿತ್ತಾಳೆ, ಅನೋಡೈಸ್ ಮಾಡಿಸಿದ (ಕರೆಂಟ್ ಹಾಯಿಸಿ ಮೇಲಿನ ಆಕ್ಸೈಡ್ ಪದರ ದಪ್ಪ ಮಾಡಿಸಿದ) ಅಲ್ಯೂಮಿನಿಯಂ, 304 ಸ್ಟೇನ್‌ಲೆಸ್. ಒಂದು ಸೆಟ್ ನನಗೆ, ಇನ್ನೊಂದು ಅಣ್ಣನಿಗೆ. ಮೂರು ವಾರ ಟೀ ಹೊತ್ತಲ್ಲಿ ಒಂದೊಂದನ್ನೂ ಕೈಯಲ್ಲಿ ಉರುಳಿಸಿ, ಒರೆಸದೆ, ಒಂದಕ್ಕೊಂದು ತಾಗದಂತೆ ಡಬ್ಬಿಯಲ್ಲಿಡುವುದು.

ಶುರುವಿಗೇ ಹುಳಿ ಅಳೆಯುವ ಪಿಎಚ್ ಪೇಪರ್ ಎಲ್ಲರ ಬಾಯಿ ಮುಚ್ಚಿಸಿತು. ಇಬ್ಬರ ಅಂಗೈಯೂ 5ರಿಂದ 6ರೊಳಗೆ. ಚರ್ಮ ಯಾರದ್ದಾದರೂ ಕೊಂಚ ಹುಳಿಯೇ. ಆದರೆ ನನ್ನ ಕೈಗೆ ಒತ್ತಿದ ಪೇಪರ್ ತಾನೇ ಒದ್ದೆಯಾಯಿತು, ಅಣ್ಣನ ಕೈಗೆ ನೀರಿನ ಹನಿ ಬಿಡಬೇಕಾಯಿತು. ವ್ಯತ್ಯಾಸ ಹುಳಿಯದ್ದಲ್ಲ, ಬೆವರಿನ ಪ್ರಮಾಣದ್ದು, ಅದರ ಜೊತೆ ಬರುವ ಉಪ್ಪಿನದು. ನೀರು ಆರಿದರೂ ಉಪ್ಪು ಅಲ್ಲೇ ಕೂತು ಗಾಳಿಯ ತೇವ ಎಳೆದುಕೊಳ್ಳುತ್ತದೆ.

ಮೊದಲು ಸೋತದ್ದು ಬ್ಲ್ಯಾಕನಿಂಗ್, ಅದೂ ಎರಡನೇ ದಿನಕ್ಕೆ. ಕಾಸ್ಟಿಕ್ ಬಾತ್‌ನಲ್ಲಿ ಬೇಯಿಸಿ ಬರಿಸುವ ಆ ಕಪ್ಪು ಪದರ ಹೆಚ್ಚುಕಮ್ಮಿ ಒಂದು ಮೈಕ್ರಾನ್ ಅಷ್ಟೆ. ಕಾಪಾಡುವುದು ಅದು ಹೀರಿದ ಎಣ್ಣೆ. ಎಣ್ಣೆ ಅಳಿಸಿಹೋದ ಮೇಲೆ ಅಣ್ಣನ ತುಂಡಿಗೂ ತುಕ್ಕು ಬಂತು.

ಕ್ರೋಮ್ ಮೇಲೆ ನಾನು ಬಾಜಿ ಕಟ್ಟಿದ್ದೆ. ಹತ್ತು ದಿನ ಕನ್ನಡಿಯಂತಿತ್ತು. ಆಮೇಲೆ ಲೆನ್ಸ್ ಹಿಡಿದು ನೋಡಿದರೆ ರಾಗಿಗಿಂತ ಸಣ್ಣ ಕಂದು ಚುಕ್ಕೆಗಳು! ಕ್ರೋಮ್ ತಾನು ತುಕ್ಕು ಹಿಡಿಯುವುದಿಲ್ಲ, ಆದರೆ ಅದರಲ್ಲಿ ಕಣ್ಣಿಗೆ ಕಾಣದ ಬಿರುಕು, ತೂತು. ಕೆಳಗಿನ ನಿಕಲ್ ಪದರ ತೆಳುವಾಗಿದ್ದರೆ ಉಪ್ಪುನೀರು ನೇರ ಕಬ್ಬಿಣಕ್ಕೆ ಇಳಿಯುತ್ತದೆ. ಪ್ಲೇಟಿಂಗ್‌ನವರು ನಿಕಲ್ ಬಾತ್‌ನಲ್ಲಿ ಇನ್ನೊಂದಿಷ್ಟು ಹೊತ್ತು ಬಿಟ್ಟಿದ್ದರೆ ಬಾಜಿ ನನ್ನದೇ ಆಗುತ್ತಿತ್ತೇನೋ.

ಹಿತ್ತಾಳೆ ಕತೆಯೇ ಬೇರೆ. ಬೆರಳು ಕೂತ ಕಡೆ ಡಿಕಾಕ್ಷನ್ ಬಣ್ಣ, ಅಂಗೈ ಕುಳಿಗೆ ಸಿಗದ ತುದಿಯಲ್ಲಿ ಇನ್ನೂ ಬಂಗಾರ, ಟೂಲ್ ಮಾರ್ಕಿನ ಸಂದಿಯಲ್ಲಿ ಹಸಿರು ಕಿಲುಬು. ಕೈಗಂತೂ ವಾಸನೆ. ಅದು ಲೋಹದ್ದಲ್ಲವಂತೆ, ಲೋಹ ತಾಗಿ ಒಡೆದ ನಮ್ಮದೇ ಚರ್ಮದ ಜಿಡ್ಡಿನದು. ಅರ್ಧ ತುಂಡನ್ನು ಅಮ್ಮ ಹುಣಸೆಹಣ್ಣಲ್ಲಿ ಉಜ್ಜಿ ಫಳಫಳ ಮಾಡಿದರು. ಆಸಿಡ್ಡೇ ಅಪರಾಧಿ ಅಂತಿದ್ದವರಿಗೆ ಅದನ್ನೇ ತೋರಿಸಿದೆ. ಹುಳಿ ತೊಳೆಯದೆ ಬಿಟ್ಟರೆ ಮಾತ್ರ ಮೊದಲಿಗಿಂತ ಬೇಗ ಕಪ್ಪಾಗುತ್ತದೆ.

ಅನೋಡೈಸಿಂಗ್‌ಗೆ ಬೆವರು ಏನೂ ಮಾಡಲಿಲ್ಲ. ಕೆಡಿಸಿದವನು ನಾನು. ಜಿಡ್ಡು ತೆಗೆಯಲು ಬಿಸಿ ವಾಷಿಂಗ್ ಸೋಡಾ ನೀರಲ್ಲಿ ಮುಳುಗಿಸಿದೆ, ನೀಲಿ ಬಣ್ಣ ಮಂಕಾಯಿತು. ಅಲ್ಯೂಮಿನಿಯಂ ಆಕ್ಸೈಡ್‌ಗೆ ಕೈಯ ಹುಳಿಗಿಂತ ಕ್ಷಾರವೇ ಶತ್ರು.

304ಕ್ಕೆ ಬೆರಳಚ್ಚು ಬಿಟ್ಟರೆ ಏನಿಲ್ಲ. ಲೇತ್‌ನಲ್ಲಿ ಸಲೀಸು ಅಂತ 303 ಸ್ಟೇನ್‌ಲೆಸ್ ತಗೋಬೇಡಿ, ಅದರಲ್ಲಿ ಗಂಧಕ ಇರುತ್ತದೆ, ಉಪ್ಪಿಗೆ ಬೇಗ ಗುಳಿ ಬೀಳುತ್ತದೆ. 304ರ ತಾಪತ್ರಯ ಒಂದೇ, ಒದ್ದೆ ಕೈಯಲ್ಲಿ ಜಾರುತ್ತದೆ. ನರ್ಲಿಂಗ್ (ಮೈಮೇಲೆ ಅಡ್ಡಡ್ಡ ಗೀರು ಒತ್ತುವುದು) ಹೊಡೆದರೆ ಹಿಡಿತ ಸಿಗುತ್ತದೆ, ಅದರ ಸಂದಿಯಲ್ಲಿ ಕೊಳೆಯೂ ಕೂರುತ್ತದೆ. ನನ್ನ ಸ್ಕ್ರೈಬರ್ (ಲೋಹದ ಮೇಲೆ ಗೆರೆ ಗೀರುವ ಮೊನೆ) ಹಿಡಿಗೆ ನರ್ಲಿಂಗ್ ಹೊಡೆದ 304 ಹಾಕಿ, ಶನಿವಾರ ಹಳೇ ಟೂತ್‌ಬ್ರಶ್‌ನಲ್ಲಿ ತಿಕ್ಕುತ್ತೇನೆ.

ಗೇಜ್ ಪೆಟ್ಟಿಗೆಯ ಅಪ್ಪಣೆ ಇನ್ನೂ ಸಿಕ್ಕಿಲ್ಲ. ಕೊನೇ ದಿನ ಅಣ್ಣ ತನ್ನ ಹಿತ್ತಾಳೆ ತುಂಡನ್ನು ಮೇಜಿನ ಮೇಲಿಟ್ಟರು. ಅಷ್ಟಾಗಿ ಬಣ್ಣ ಕಟ್ಟಿರಲಿಲ್ಲ. ನನ್ನ ಕಂದು ತುಂಡನ್ನು ಬೆಳಕಿಗೆ ಹಿಡಿದು ಹೊರಳಿಸಿ, "ಇದು ನನಗಿರಲಿ, ಅದು ನೀನಿಟ್ಕೋ" ಅಂತ ಜೇಬಿಗೆ ಹಾಕಿಕೊಂಡರು.