ಬೀಜಿಂಗ್‌ಗೋ ಶಾಂಘೈಗೋ? ಕಡಿಮೆ ರಜೆ ಇರುವವರಿಗೆ ಒಂದು ಹೋಲಿಕೆ

ಬೀಜಿಂಗ್‌ನಲ್ಲಿ ಮುಂಗಡ ಬುಕಿಂಗ್ ಇಲ್ಲದೆ ಇಳಿದರೆ ಅರ್ಧ ಪ್ರವಾಸ ಗೇಟಿನ ಹೊರಗೇ ಮುಗಿದುಹೋಗುತ್ತದೆ. ಶಾಂಘೈಯಲ್ಲಿ ಬೆಳಿಗ್ಗೆ ಎದ್ದು, ಆಕಾಶ ನೋಡಿ, ಆಮೇಲೆ ಪ್ಲಾನ್ ಹಾಕಿದರೂ ನಡೆಯುತ್ತದೆ. ನಾಲ್ಕೈದು ದಿನದ ರಜೆಯಲ್ಲಿ ಹೊರಡುವವರು ಮೊದಲು ತೂಗಬೇಕಾದ್ದು ಇದನ್ನೇ. ಹಳೆಯದು, ಹೊಸದು ಎಂಬ ಲೆಕ್ಕ ಆಮೇಲಿನದು.

ಬೀಜಿಂಗ್‌ನ ಫರ್ಬಿಡನ್ ಸಿಟಿಯನ್ನೇ, ಅಂದರೆ ಸಾಮ್ರಾಟರ ಹಳೆಯ ಅರಮನೆಯನ್ನೇ ತೆಗೆದುಕೊಳ್ಳಿ. ಟಿಕೆಟ್ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ 60 ಯುವಾನ್, ಚಳಿಗಾಲದಲ್ಲಿ 40. ದುಡ್ಡಿನದ್ದಲ್ಲ, ಸಮಯದ್ದೇ ಕಷ್ಟ. ಬುಕಿಂಗ್ 7 ದಿನ ಮೊದಲು, ಚೀನಾದ ರಾತ್ರಿ 8 ಗಂಟೆಗೆ ತೆರೆಯುತ್ತದೆ. ನಮ್ಮಲ್ಲಿ ಆಗ ಸಂಜೆ 5.30. ರಜೆಯ ಸೀಸನ್ನಿನಲ್ಲಿ ಬೆಳಗಿನ ಸ್ಲಾಟ್ ಬೇಗ ಖಾಲಿ. ಟಿಕೆಟ್ ಪಾಸ್‌ಪೋರ್ಟ್ ನಂಬರಿಗೆ ಅಂಟಿಕೊಂಡಿರುತ್ತದೆ, ಒಂದು ಅಂಕಿ ತಪ್ಪಿದರೂ ಗೇಟಿನಲ್ಲಿ ತಕರಾರು. ಸೋಮವಾರ ಸಾಮಾನ್ಯವಾಗಿ ರಜೆ. ಒಳಗೆ ಹೋಗುವುದು ದಕ್ಷಿಣದ ವುಮೆನ್ ದ್ವಾರದಿಂದ ಮಾತ್ರ, ಆದ್ದರಿಂದ ಉತ್ತರದ ಬಾಗಿಲಿಗೆ ಟ್ಯಾಕ್ಸಿ ಹಿಡಿದು ಬಂದವರು ಕೋಟೆಯ ಹೊರಗೋಡೆ ಸುತ್ತಿ ಬರಬೇಕು. ಅರಮನೆಯ ಮುಂದಿನ ತಿಯಾನನ್ಮೆನ್ ಚೌಕಕ್ಕೆ ಪ್ರವೇಶ ಉಚಿತವಾದರೂ ಬೇರೆಯದೇ ಬುಕಿಂಗ್ ಬೇಕು. ಅದು ಸಿಗದಿದ್ದರೆ ಅರಮನೆ ಬಿಡಬೇಕಿಲ್ಲ, ಪೂರ್ವದ ಡಾಂಗ್‌ಹುವಾಮೆನ್ ಕಡೆಯಿಂದ ಕಂದಕದ ಪಕ್ಕ ನಡೆದು ವುಮೆನ್ ತಲುಪಬಹುದು.

ಅರಮನೆ ತೆಂಕಣದಿಂದ ಬಡಗಣಕ್ಕೆ 961 ಮೀಟರ್. ಕೇಳಲು ಕಡಿಮೆ ಅನ್ನಿಸುತ್ತದೆ. ಅಡ್ಡ ಅಂಗಳಗಳನ್ನೂ ಸೇರಿಸಿ, ನೆರಳಿಲ್ಲದ ಕಲ್ಲುಹಾಸಿನ ಮೇಲೆ ಮೂರು ಗಂಟೆ ನಡೆದಾಗ ಕಾಲು ಬೇರೆ ಮಾತು ಹೇಳುತ್ತದೆ. ನಡುವಿನ ಸಾಲಿನಲ್ಲೇ ಎಲ್ಲರೂ ಹೋಗುತ್ತಾರೆ, ಸಿಂಹಾಸನ ಕಾಣಲು ತಲೆಗಳ ಮೇಲೆ ಫೋನ್ ಎತ್ತಬೇಕು. ಅದೇ ಹೊತ್ತಿಗೆ ಈಶಾನ್ಯದ ಖಜಾನೆ ವಿಭಾಗ ಇದಕ್ಕಿಂತ ತಣ್ಣಗಿರುತ್ತದೆ. ಹೆಚ್ಚುವರಿ 10 ಯುವಾನ್ ಸಾರ್ಥಕ. ಉತ್ತರದಿಂದ ಹೊರಬಿದ್ದರೆ ಎದುರಿಗೇ ಜಿಂಗ್‌ಶಾನ್ ಗುಡ್ಡ. ಹತ್ತಲು ಕಾಲು ಗಂಟೆ ಸಾಕು. ಹಳದಿ ಹೆಂಚಿನ ಮಾಡುಗಳು ಸಾಲುಸಾಲಾಗಿ ಕಾಣುವುದು ಅಲ್ಲಿಂದಲೇ. ನಮ್ಮನ್ನು ಕೇಳಿದರೆ, ಅರಮನೆಯ ಟಿಕೆಟ್ ಸಿಗದವರು ಈ ಗುಡ್ಡವನ್ನಾದರೂ ಬಿಡಬಾರದು.

ಮಹಾಗೋಡೆಗೆ ಒಂದು ಇಡೀ ದಿನ ಎತ್ತಿಡಿ. ಗೋಡೆಯ ಬಾದಾಲಿಂಗ್ ಭಾಗಕ್ಕೆ ರೈಲಿದೆ, ಅರ್ಧ ಗಂಟೆಯ ಆಸುಪಾಸಿನ ದಾರಿ. ಅದೇ ಅನುಕೂಲಕ್ಕೆ ಜನವೂ ಅಲ್ಲೇ ಸೇರುತ್ತಾರೆ. ಇನ್ನೊಂದು ಭಾಗ ಮುತಿಯಾನ್ಯು ಸುಮಾರು 70 ಕಿ.ಮೀ. ದೂರ, ರೈಲಿಲ್ಲ, ಆದರೂ ಅದಕ್ಕೇ ನಮ್ಮ ವೋಟು. ಬೀಜಿಂಗ್‌ನ ಡಾಂಗ್‌ಝಿಮೆನ್ ನಿಲ್ದಾಣದಿಂದ ಬಸ್ಸಿನಲ್ಲಿ ಹೋದರೆ ದಾರಿಯಲ್ಲಿ ಹುವಾಯ್‌ರೌ ಹತ್ತಿರ "ಇಲ್ಲೇ ಇಳಿಯಿರಿ" ಎಂದು ಕರೆಯುವವರಿದ್ದಾರೆ. ಅವರು ಕಾರಿನ ದಲ್ಲಾಳಿಗಳು, ಕಿವಿಗೆ ಹಾಕಿಕೊಳ್ಳಬೇಡಿ. ನೇರ ಪ್ರವಾಸಿ ಬಸ್ಸೇ ಲೇಸು. ಇನ್ನು, ಮುತಿಯಾನ್ಯುವಿನಲ್ಲಿ ಕೇಬಲ್ ಕಾರ್ ಇಳಿಸುವುದು 14ನೇ ಬುರುಜಿನ ಹತ್ತಿರ. ತೆರೆದ ಕುರ್ಚಿಯ ಲಿಫ್ಟ್ ಮತ್ತು ಜಾರುಗಾಡಿ ಇರುವುದು 6ನೇ ಬುರುಜಿನಲ್ಲಿ. ಎರಡನ್ನೂ ನಡೆಸುವವರು ಬೇರೆ ಬೇರೆ, ಒಂದರ ವಾಪಸ್ ಟಿಕೆಟ್ ಇನ್ನೊಂದಕ್ಕೆ ನಡೆಯುವುದಿಲ್ಲ. 14ರಲ್ಲಿ ಹತ್ತಿ, 6ರವರೆಗೆ ನಡೆದು ಜಾರಿ ಇಳಿಯಬೇಕೆಂದಿದ್ದರೆ ಎರಡೂ ಕಡೆ ಒಂದೊಂದು ದಿಕ್ಕಿನ ಟಿಕೆಟ್ ಕೊಳ್ಳಿ. ಮಳೆ ಬಂದರೆ ಜಾರುಗಾಡಿ ಬಂದ್.

ಶಾಂಘೈಯಲ್ಲಿ ಇಷ್ಟೆಲ್ಲ ತಲೆನೋವಿಲ್ಲ. ಅಲ್ಲಿ ನೋಡಬೇಕಾದ್ದೇ ಬೀದಿ, ನದಿ, ಕಟ್ಟಡಗಳ ಸಾಲು. ನದಿಯ ಪಕ್ಕದ ಬಂಡ್ ದಂಡೆಗೆ ಟಿಕೆಟ್ ಇಲ್ಲ. ಕತ್ತಲಾಗುವ ಅರ್ಧ ಗಂಟೆ ಮೊದಲು ಹೋಗಿ ನಿಂತರೆ ಹಗಲು, ಮುಸ್ಸಂಜೆ, ದೀಪ ಮೂರೂ ಸಿಗುತ್ತವೆ. ದೀಪಗಳು ಸಾಮಾನ್ಯವಾಗಿ ರಾತ್ರಿ 10ಕ್ಕೆ ಆರುತ್ತವೆ, ಊಟ ಮುಗಿಸಿ ನಿಧಾನವಾಗಿ ಬಂದವರಿಗೆ ಕಪ್ಪು ಕಟ್ಟಡಗಳೇ ಗತಿ. ನದಿ ದಾಟಲು ಬಂಡ್ ಕೆಳಗಿನ ಪ್ರವಾಸಿ ಸುರಂಗಕ್ಕೆ 50 ಯುವಾನ್ ಸುರಿಯಬೇಡಿ, ಒಳಗೆ ಬಣ್ಣದ ಬಲ್ಬು ಬಿಟ್ಟರೆ ಏನಿಲ್ಲ. ಜನ ಓಡಾಡುವ ದೋಣಿಗೆ 2 ಯುವಾನ್, ನೋಟವೂ ಅದರಲ್ಲೇ ಚೆನ್ನ.

632 ಮೀಟರಿನ ಶಾಂಘೈ ಟವರ್‌ಗೆ ಮಾತ್ರ ಮುಂಗಡ ಟಿಕೆಟ್ ಬೇಡವೇ ಬೇಡ. ಮೋಡ ತಗ್ಗಿದ ದಿನ 118ನೇ ಮಹಡಿಯ ಗಾಜಿನಾಚೆ ಬರೀ ಬಿಳುಪು. ಕೆಳಗಿನಿಂದ ಕತ್ತೆತ್ತಿ ನೋಡಿ, ತುದಿ ಕಂಡರೆ ಕೊಳ್ಳಿ. ಜೂನ್ ಮಧ್ಯದಿಂದ ಜುಲೈ ಆರಂಭದವರೆಗಿನ ಜಿಟಿಜಿಟಿ ಮಳೆಯಲ್ಲಿ ಆ ಆಸೆಯನ್ನೇ ಬಿಡುವುದು ಒಳ್ಳೆಯದು. ವಿಮಾನ ನಿಲ್ದಾಣದ ಮ್ಯಾಗ್ಲೆವ್ ರೈಲು 30 ಕಿ.ಮೀ.ಯನ್ನು 8 ನಿಮಿಷದಲ್ಲಿ ಮುಗಿಸುತ್ತದೆ, ಆದರೆ ಬಿಡುವುದು ಊರ ನಡುವಿನಿಂದ ಆಚೆಗಿನ ಲಾಂಗ್‌ಯಾಂಗ್ ರಸ್ತೆಯಲ್ಲಿ. ಲಗೇಜ್ ಎಳೆದುಕೊಂಡು ಮತ್ತೆ ಮೆಟ್ರೊ ಹತ್ತಲೇಬೇಕು. ಮೋಜಿಗೆ ಒಮ್ಮೆ ಸರಿ.

ಸಸ್ಯಾಹಾರಿಗಳಿಗೆ ಶಾಂಘೈ ಒಂದು ಕೈ ಮೇಲು. 1922ರಲ್ಲಿ ಶುರುವಾದ ಗೊಂಗ್‌ಡೆಲಿನ್ ಪೂರ್ಣ ಸಸ್ಯಾಹಾರಿ ಹೋಟೆಲು. ಉಳಿದ ಕಡೆ ಎರಡೂ ಊರಲ್ಲಿ ಒಂದೇ ಎಚ್ಚರ: ಹುರಿದ ಬೀನ್ಸ್ ಎಂದು ತರಿಸಿದ್ದರಲ್ಲೂ ಹಂದಿಮಾಂಸದ ಪುಡಿ ಇರುತ್ತದೆ. "ವೊ ಚ್ರ ಸು" (ನಾನು ಸಸ್ಯಾಹಾರಿ) ಎಂದು ಹೇಳಿ, ಮಾಂಸ, ಮೀನು, ಹಂದಿಕೊಬ್ಬು ಬೇಡ ಎಂದು ಚೀನೀ ಲಿಪಿಯಲ್ಲಿ ಬರೆದಿದ್ದನ್ನೂ ಫೋನಿನಲ್ಲಿ ತೋರಿಸಿ.

ಫೋನಿನಲ್ಲಿ ಹಣ ಕೊಡುವ ಚೀನಾದ ಆ್ಯಪ್ ಅಲಿಪೇಗೆ ವೀಸಾ ಅಥವಾ ಮಾಸ್ಟರ್‌ಕಾರ್ಡ್ ಜೋಡಿಸುವ ಕೆಲಸವನ್ನು ಊರಲ್ಲೇ ಮುಗಿಸಿ. ಅಲ್ಲಿ ಹೋದ ಮೇಲೆ ಭಾರತದ ಸಿಮ್‌ಗೆ ಒಟಿಪಿ ಬರದೆ ಸಿಕ್ಕಿಬೀಳುವವರೇ ಹೆಚ್ಚು. ಕಾರ್ಡಿನಲ್ಲಿ ವಿದೇಶಿ ವ್ಯವಹಾರ ಆನ್ ಆಗಿರಬೇಕು. 200 ಯುವಾನ್ ದಾಟಿದ ಪಾವತಿಗೆ 3% ಶುಲ್ಕ ಬೀಳುತ್ತದೆ. ಗೂಗಲ್ ಮ್ಯಾಪ್ ನಂಬಬೇಡಿ: ಚೀನಾದ ನಕ್ಷೆಗಳು ಬೇರೆ ನಿರ್ದೇಶಾಂಕ ಪದ್ಧತಿಯವು, ನಿಮ್ಮ ಚುಕ್ಕಿ ನೂರಾರು ಮೀಟರ್ ಆಚೆ ಕೂರುತ್ತದೆ. ಚೀನಾದ್ದೇ ನಕ್ಷೆಯ ಆ್ಯಪ್ ಆಮ್ಯಾಪ್ ಹಾಕಿಕೊಳ್ಳಿ.

ಚೀನಾ ಮೂಲಕ ಬೇರೆ ದೇಶಕ್ಕೆ ಹೋಗುವವರು ವೀಸಾ ಇಲ್ಲದೆ 240 ಗಂಟೆ ತಂಗಬಹುದಾದ ಟ್ರಾನ್ಸಿಟ್ ಸೌಲಭ್ಯ ಭಾರತದ ಪಾಸ್‌ಪೋರ್ಟಿಗೆ ಇಲ್ಲ. ಮೂರನೇ ದೇಶಕ್ಕೆ ಹೊರಟ, ಅಮೆರಿಕ ಅಥವಾ ಬ್ರಿಟನ್ ಪಾಸ್‌ಪೋರ್ಟ್ ಇರುವ ಕನ್ನಡಿಗರು ಬಳಸಬಹುದು; ಅಲ್ಲಿಯ ಕೆಲಸದ ವೀಸಾ ಲೆಕ್ಕಕ್ಕಿಲ್ಲ.

ಮೂರೇ ದಿನವಿದ್ದರೆ, ಬುಕಿಂಗ್ ಕೈಯಲ್ಲಿದ್ದವರು ಬೀಜಿಂಗ್‌ಗೆ ಹೋಗಲಿ, ಇಲ್ಲದವರು ಶಾಂಘೈಗೆ. ಆರು ದಿನವಿದ್ದರೆ ಎರಡೂ ಆಗುತ್ತದೆ, ಬೀಜಿಂಗ್ ಮೊದಲಿರಲಿ. ಕಾಲಿನ ಕಸುವು ಬೇಕಾದ್ದು ಅಲ್ಲಿ, ತಾರೀಖು ಜರುಗಿಸಲಾಗದ ಟಿಕೆಟ್ಟೂ ಅಲ್ಲಿನವೇ. ನಡುವಿನ 1,318 ಕಿ.ಮೀ.ಗೆ ವೇಗದ ರೈಲು ನಾಲ್ಕೂವರೆ ಗಂಟೆ ತೆಗೆದುಕೊಳ್ಳುತ್ತದೆ. ಸ್ಟೇಷನ್ನಿನ ಗೇಟು ಪಾಸ್‌ಪೋರ್ಟ್ ಓದದಿದ್ದರೆ ಸಿಬ್ಬಂದಿ ಕೂತಿರುವ ಅಂಚಿನ ಸಾಲಿಗೆ ಹೋಗಿ, ಬ್ಯಾಗ್ ತಪಾಸಣೆಯನ್ನೂ ಸೇರಿಸಿ ಮುಕ್ಕಾಲು ಗಂಟೆ ಕೈಯಲ್ಲಿರಲಿ.